ಗೋಡೆಗೆ ಮುಖ ಮಾಡಿ ಕೂತವರು

ನನ್ನ ನಂತರ ಈ ಕುರ್ಚಿಗೆ ಬರುವವರು ಮೊದಲು ತಿಳಿಯಬೇಕಾದದ್ದು ಹುದ್ದೆಯ ಹೆಸರು. ಅದು ಕಾರ್ಯದರ್ಶಿ. ಕ್ಲರ್ಕ್ ಅಲ್ಲ, ‘ಆಫೀಸಲ್ಲಿ ಕೂರ್ತಾರಲ್ಲ, ಅವರು’ ಕೂಡ ಅಲ್ಲ. ಟ್ರಸ್ಟಿನ ಅಧ್ಯಕ್ಷರಾದ ವೆಂಕಟರಾಯಪ್ಪನವರು ನನ್ನ ಸೇವೆಯುದ್ದಕ್ಕೂ ನನ್ನನ್ನು ‘ಕ್ಲರ್ಕಮ್ಮ’ ಎಂದೇ ಕರೆದರು. ಬೀಳ್ಕೊಡುಗೆಯ ದಿನ ಅವರು ನನಗೆ ಹೊದಿಸಿದ ಶಾಲು ಹಿಂದಿನ ವರ್ಷದ ಮುಖ್ಯ ಅತಿಥಿಗಳು ಮರೆತು ಹೋಗಿದ್ದ ಶಾಲು. ಅದರ ಅಂಚಿನ ಕಾಫಿ ಕಲೆಯನ್ನು ನಾನು ಗುರುತಿಸದೆ ಇರುವಂತಿರಲಿಲ್ಲ; ಅದನ್ನು ಡ್ರೈಕ್ಲೀನಿಂಗಿಗೆ ಕೊಟ್ಟು, ಕಲೆ ಹೋಗಲಿಲ್ಲವೆಂದು ಅಂಗಡಿಯವನೊಂದಿಗೆ ವಾದಿಸಿ ತಂದವಳೇ ನಾನು.

ಹೊಸಬರ ಉಪಯೋಗಕ್ಕಾಗಿ ಕೆಲಸದ ವಿವರವನ್ನು ಒಂದು ಪುಟದಲ್ಲಿ ಬರೆದುಕೊಡಬೇಕೆಂದು ಸಮಿತಿಯವರು ಕೇಳಿದ್ದಾರೆ. ಒಂದು ಪುಟದಲ್ಲಿ ಬರೆಯಬಹುದಾದ ಕೆಲಸವಾಗಿದ್ದರೆ ಅದನ್ನು ಸಮಿತಿಯವರೇ ಮಾಡುತ್ತಿದ್ದರು.

ಟ್ರಸ್ಟನ್ನು ಕಟ್ಟಿದವರು ಹಬೀಬುಲ್ಲಾ ಸಾಹೇಬರು, ಶಿಡ್ಲಘಟ್ಟದ ರೇಷ್ಮೆ ನೂಲಿನ ವ್ಯಾಪಾರಿ. ಹರೆಯದಲ್ಲಿ ಅವರು ನೂಲಿನ ಗಂಟು ಹೊತ್ತು ಬೆಂಗಳೂರಿನ ದಂಡು ಪ್ರದೇಶಕ್ಕೆ ಹೋಗುತ್ತಿದ್ದಾಗ ಒಂದು ಬಂಗಲೆಯ ಕಾಂಪೌಂಡಿನಾಚೆಯಿಂದ ಪಿಯಾನೊ ಕೇಳಿಸಿತಂತೆ. ಒಳಗೆ ಹೋಗಲು ಧೈರ್ಯ ಸಾಲಲಿಲ್ಲ, ಮುಂದೆ ಹೋಗಲು ಕಾಲು ಬರಲಿಲ್ಲ. ಗೋಡೆಗೆ ಮುಖ ಮಾಡಿ ನಿಂತುಬಿಟ್ಟರು. ಬೀದಿಯಲ್ಲಿ ಗೋಡೆಗೆ ಮುಖ ಮಾಡಿ ನಿಂತ ಗಂಡಸಿನ ಮೇಲೆ ನಮ್ಮ ಕಾವಲುಗಾರರಿಗೆ ಯಾವ ಅನುಮಾನ ಬರುತ್ತದೆಯೋ ಅದೇ ಅನುಮಾನ ಆ ಬಂಗಲೆಯ ಕಾವಲುಗಾರನಿಗೂ ಬಂದು, ಅವನು ಲಾಠಿ ಎತ್ತಿಕೊಂಡು ಬಂದನಂತೆ. ಸಾಹೇಬರು ಮುಂದಿನ ವಾರವೂ ಹೋದರು, ಅದರ ಮುಂದಿನ ವಾರವೂ ಹೋದರು. ನುಡಿಸುತ್ತಿದ್ದವರು ಗಂಡಸೋ ಹೆಂಗಸೋ ಅವರಿಗೆ ಕೊನೆಯವರೆಗೂ ಗೊತ್ತಾಗಲಿಲ್ಲ.

ವ್ಯಾಪಾರ ಕೈಹಿಡಿದ ಮೇಲೆ ಅವರು ಹಳೆಯ ಪಿಯಾನೊ ಒಂದನ್ನು ಕೊಂಡು, ಊರಾಚೆಯ ತೋಟದಲ್ಲಿದ್ದ ಹುಳುಮನೆಯಲ್ಲಿ ಇರಿಸಿದರು. ಹಿಂದೆ ರೇಷ್ಮೆಹುಳು ಸಾಕುತ್ತಿದ್ದ ಕಟ್ಟಡ ಅದು. ದಪ್ಪ ಗೋಡೆ, ಎತ್ತರದಲ್ಲಿ ಸಣ್ಣ ಕಿಟಕಿ, ಒಳಗೆ ತಂಪು. ಸಾಹೇಬರಿಗೆ ನುಡಿಸಲು ಬರುತ್ತಿರಲಿಲ್ಲ. ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ಈ ನಾಲ್ಕು ಕಡೆಯ ಮಕ್ಕಳಲ್ಲಿ ಯಾರಿಗಾದರೂ ಬರಲಿ ಎಂದು ಅಂಗಡಿ ಸಾಲಿನ ಬಾಡಿಗೆಯನ್ನೂ ಹುಳುಮನೆಯನ್ನೂ ಟ್ರಸ್ಟಿಗೆ ಬರೆದರು. ಮಕ್ಕಳಿಗೆ ಕಲಿಸಲು ವಾರಕ್ಕೊಮ್ಮೆ ಬೆಂಗಳೂರಿನಿಂದ ಮೇಷ್ಟರು ಬರಬೇಕು. ಕೊನೆಗೆ ಹೊರಗಿನ ತಜ್ಞರೊಬ್ಬರು ಕೇಳಿ ಒಪ್ಪಿದ ಮಗುವನ್ನು ದೊಡ್ಡ ಸಂಗೀತ ಕಾಲೇಜಿಗೆ ಟ್ರಸ್ಟಿನ ಖರ್ಚಿನಲ್ಲಿ ಕಳಿಸಬೇಕು. ಇದರ ಜೊತೆಗೆ ಒಂದು ನಿಯಮ: ಆಯ್ಕೆಗೆ ಕೂತವರು, ಅವರು ಯಾರೇ ಆಗಿರಲಿ, ಪಿಯಾನೊಗೆ ಬೆನ್ನು ಹಾಕಿ, ಗೋಡೆಗೆ ಮುಖ ಮಾಡಿ ಕೇಳಬೇಕು.

ನನ್ನ ಸಂದರ್ಶನ ಮಾಡಿದವರು ಸಾಹೇಬರೇ.

“ಹಾಡೋಕೆ ಬರುತ್ತೇನಮ್ಮಾ?”

“ಇಲ್ಲ.”

“ನುಡಿಸೋಕೆ?”

“ಇಲ್ಲ.”

“ಸುಮ್ನೆ ಕೂರೋಕೆ?”

“ಬರುತ್ತೆ.”

“ಹಾಗಾದ್ರೆ ನಾಳೆಯಿಂದ ಬನ್ನಿ. ನಮ್ಮ ಕಮಿಟಿಯಲ್ಲಿ ಅದು ಯಾರಿಗೂ ಬರಲ್ಲ.”

ಗೋಡೆಯ ನಿಯಮವೇಕೆಂದು ಕೇಳಿದ್ದಕ್ಕೆ ಅವರು ಹೇಳಿದ್ದು ಇಷ್ಟು: “ಕಣ್ಣು ಬಹಳ ಬಾಯಿಬಡುಕ ಕಣಮ್ಮಾ. ಯಾರ ಮಗಳು, ಎಂಥ ಸೀರೆ, ಅಪ್ಪ ಏನು ಕೆಲಸ, ಎಲ್ಲಾ ಒದರ್ತಾನೇ ಇರುತ್ತೆ. ಅದು ಒದರ್ತಿದ್ರೆ ಕಿವಿಗೆ ಏನು ಕೇಳ್ಸುತ್ತೆ?”

ಅವರು ತೀರಿಕೊಂಡ ಮೇಲೆ ಅಧ್ಯಕ್ಷರಾದವರು ಅವರ ಸ್ನೇಹಿತರಾದ ವೆಂಕಟರಾಯಪ್ಪನವರು. ರೇಷ್ಮೆಗೂಡಿನ ವ್ಯಾಪಾರದಲ್ಲಿ ಹೆಸರು ಮಾಡಿದವರು, ಮೈಕ್ ಕಂಡರೆ ಬಿಡದವರು. ಗೋಡೆಯ ನಿಯಮವನ್ನು ಅವರಷ್ಟು ಸಂತೋಷದಿಂದ ಪಾಲಿಸಿದವರು ಇನ್ನೊಬ್ಬರಿಲ್ಲ, ಏಕೆಂದರೆ ಗೋಡೆಗೆ ಮುಖ ಮಾಡಿ ಕೂತವರು ಎಚ್ಚರವಾಗಿದ್ದಾರೆಯೇ ಎಂದು ಯಾರೂ ನೋಡುವಂತಿಲ್ಲ. ಅವರ ಗೊರಕೆ ಸಣ್ಣದು, ಒಂದೇ ಲಯದ್ದು. ಹೊಸ ಅಭ್ಯರ್ಥಿಗಳು ಕೆಲವರು ಅದಕ್ಕೆ ಹೊಂದಿಸಿಕೊಂಡು ನುಡಿಸಿದ್ದೂ ಉಂಟು.

ಹುಳುಮನೆಯಲ್ಲಿ ಪಾಠ ಶುರುವಾದ ಉದ್ಘಾಟನೆಯ ದಿನ ಅವರು ಮಾಡಿದ ಭಾಷಣದ ಒಂದು ವಾಕ್ಯವನ್ನು ಹೊಸಬರು ನೆನಪಿಟ್ಟುಕೊಳ್ಳಬೇಕು. ಮುಂದೆ ಅದು ಬೇಕಾಗುತ್ತದೆ. ಅಟೆಂಡರ್ ಆಗಿ ನೇಮಕಗೊಂಡಿದ್ದ ಮುನಿರತ್ನಮ್ಮನನ್ನು ವೇದಿಕೆಗೆ ಕರೆದು, ಆಕೆ ಅದೇ ಮನೆಯಲ್ಲಿ ಹಿಂದೆ ಹುಳು ಸಾಕಿದವಳೆಂದು ಹೊಗಳಿ, “ನೋಡಮ್ಮಾ, ಹುಳಾನ ಹೆಂಗೆ ನೋಡ್ಕೊಂಡ್ಯೋ ಈ ಪಿಯಾನೋನೂ ಹಂಗೇ ನೋಡ್ಕೋಬೇಕು” ಎಂದರು. ಚಪ್ಪಾಳೆ ಬಿತ್ತು. ಆ ಭಾಷಣದಲ್ಲಿ ಪೆಂಡಾಲಿನವರಿಗೂ ವಂದನೆ ಸಂದಿತು. ಕಾರ್ಯದರ್ಶಿಗೆ ಸಲ್ಲಲಿಲ್ಲ.

ಪಿಯಾನೊ ಊರಿಂದೂರಿಗೆ ಹೋಗಲಾರದು. ಆದ್ದರಿಂದ ಆಯ್ಕೆಗೆ ನಾವು ಬಾಡಿಗೆಯ ಕಾರಿನಲ್ಲಿ ಒಂದು ಎಲೆಕ್ಟ್ರಾನಿಕ್ ಕೀಬೋರ್ಡ್ ಹಾಕಿಕೊಂಡು ಹೋಗುತ್ತಿದ್ದೆವು. ಕಾರಿನ ಮುಂದಿನ ಸೀಟು ಅಧ್ಯಕ್ಷರದು. ಹಿಂದೆ ನಾನು ಮತ್ತು ನನ್ನ ತೊಡೆಯ ಮೇಲೆ ಕೀಬೋರ್ಡ್. ಚಿಕ್ಕಬಳ್ಳಾಪುರದಲ್ಲಿ ಒಬ್ಬ ತಂದೆ ಮಗನ ಟೈಪಿಂಗ್ ಸೀನಿಯರ್ ಸರ್ಟಿಫಿಕೇಟ್ ಮುಂದಿಟ್ಟರು.

“ಇದು ಪಿಯಾನೊ ಕಲಿಯೋರಿಗೆ ಸ್ವಾಮಿ.”

“ಗೊತ್ತು ಮೇಡಂ. ಎರಡಕ್ಕೂ ಬೆರಳು ತಾನೇ? ನಮ್ಮ ಹುಡುಗನ್ದು ಹತ್ತೂ ಓಡ್ತವೆ, ನೋಡ್ದೇನೇ.”

ಅಧ್ಯಕ್ಷರು ಅದನ್ನು ಪರಿಗಣಿಸಬಹುದೆಂದರು. ನಾನು ಪರಿಗಣಿಸಲಿಲ್ಲ. ಅದಕ್ಕೆ ಅವರು ಹಿಂತಿರುಗುವಾಗ ಕಾರಿನಲ್ಲಿ, “ಕ್ಲರ್ಕಮ್ಮಂಗೆ ಸಂಗೀತ ಬರಲ್ಲ, ಆದ್ರೂ ಎಷ್ಟು ಜೋರು” ಎಂದು ಡ್ರೈವರನಿಗೆ ಹೇಳಿದರು.

ಗೌರಿಬಿದನೂರಿನ ಪ್ರಕರಣವನ್ನು ಸಮಿತಿಯವರು ಮರೆಯಲು ಬಯಸುತ್ತಾರೆ, ಆದ್ದರಿಂದ ಇಲ್ಲಿ ಬರೆಯುವುದು ಅಗತ್ಯ. ಕುಡುಮಲಕುಂಟೆಯ ಕಾರ್ಖಾನೆಯೊಂದರ ಅಧಿಕಾರಿಯ ಮಗ, ಟೈ ಕಟ್ಟಿಕೊಂಡು ಬಂದ ಯುವಕ, ನಮಗೆಲ್ಲ ನಮಸ್ಕರಿಸಿ ಕೀಬೋರ್ಡಿನ ಮುಂದೆ ಕೂತ. ನಾವು ಗೋಡೆಗೆ ತಿರುಗಿದೆವು. ಆಮೇಲೆ ಕೇಳಿಸಿದ್ದು ಒಂದು ಸ್ವರವೂ ತಪ್ಪದ ವಾದನ. ಅಧ್ಯಕ್ಷರು ಎಚ್ಚರಗೊಂಡು, “ಆಹಾ, ಏನು ಕೈ, ಏನು ಕೈ” ಎಂದು ಗೋಡೆಗೆ ಹೇಳಿದರು. ನಾನೂ ತಲೆದೂಗಿದ್ದೆ, ಅದನ್ನು ಮುಚ್ಚಿಡುವುದಿಲ್ಲ. ಅಷ್ಟರಲ್ಲಿ ಕರೆಂಟ್ ಹೋಯಿತು, ವಾದನ ನಿಂತಿತು. ಏನಾಯಿತೆಂದು ನಾವು ತಿರುಗಿದರೆ ಯುವಕ ಬಾಗಿಲ ಬಳಿ ನಿಂತು ಸೀಬೆಹಣ್ಣು ಕಚ್ಚುತ್ತಿದ್ದಾನೆ, ಉಪ್ಪುಖಾರದ ಸಮೇತ. ಕೀಬೋರ್ಡಿನಲ್ಲಿ ಒಂದು ಗುಂಡಿಯಿದೆ. ಒತ್ತಿದರೆ ಅದು ತಾನೇ ನುಡಿಯುತ್ತದೆ. ಅಂಗಡಿಯವರು ಗಿರಾಕಿಗಳಿಗೆ ಕೇಳಿಸುವುದು ಅದನ್ನೇ.

“ಏನಪ್ಪಾ ಇದು?” ಎಂದರು ಅಧ್ಯಕ್ಷರು.

“ಕರೆಂಟ್ ಹೋಯ್ತಲ್ಲ ಸರ್,” ಎಂದ ಅವನು, ತಪ್ಪೆಲ್ಲ ವಿದ್ಯುತ್ ಇಲಾಖೆಯದೆಂಬಂತೆ.

ಆ ಗುಂಡಿಯ ಮೇಲೆ ಅಂದಿನಿಂದ ಇನ್ಸುಲೇಶನ್ ಟೇಪ್ ಇದೆ. ತೆಗೆಯಬೇಡಿ. ಈಗ ಅರ್ಜಿದಾರರು ವಾಟ್ಸಾಪಿನಲ್ಲಿ ವೀಡಿಯೊ ಕಳಿಸುತ್ತಾರೆ, ಹಿನ್ನೆಲೆಯಲ್ಲಿ ಹೂಕುಂಡ, ಪಕ್ಕದಲ್ಲಿ ಅಜ್ಜಿ. ಫೋನನ್ನು ಮೇಜಿನ ಮೇಲೆ ಬೋರಲು ಹಾಕಿ ಕೇಳುವ ಪದ್ಧತಿಯನ್ನು ಜಾರಿಗೆ ತಂದವಳು ನಾನು. ಟ್ರಸ್ಟಿನ ವಾರ್ಷಿಕ ವರದಿಯಲ್ಲಿ ಅದನ್ನು ‘ಅಧ್ಯಕ್ಷರ ದೂರದೃಷ್ಟಿ’ ಎಂದು ಅಚ್ಚು ಮಾಡಿದ್ದಾರೆ.

ಭಾರ್ಗವಿ ಬಂದದ್ದು ಚಿಂತಾಮಣಿಯಿಂದ. ಅವಳ ತಂದೆಯದು ಕಡ್ಲೆಪುರಿ ಹುರಿಯುವ ಭಟ್ಟಿ. ಮನೆಯ ಮಾತು ತೆಲುಗು. ಶಾಲೆಯಲ್ಲಿದ್ದ ಮುರುಕು ಕೀಬೋರ್ಡಿನಲ್ಲಿ ತಾನೇ ಕಲಿತದ್ದನ್ನು ಆಯ್ಕೆಯ ದಿನ ನುಡಿಸಿದಳು. ಅದರಲ್ಲಿ ತಪ್ಪುಗಳಿದ್ದವು. ಆದರೆ ಅವಳು ನುಡಿಸಿ ಮುಗಿಸಿದಾಗ ನನ್ನ ಪಕ್ಕದಲ್ಲಿ ಏನೋ ಕಡಿಮೆಯಾಗಿದೆಯೆನಿಸಿ ನೋಡಿದೆ. ಗೊರಕೆ ನಿಂತಿತ್ತು. ಅಧ್ಯಕ್ಷರು ಗೋಡೆಯನ್ನು ಕಣ್ಣು ಬಿಟ್ಟು ನೋಡುತ್ತಿದ್ದರು. ಅವರ ಪರವಾಗಿ ನಾನು ಹೇಳಬಹುದಾದ ಒಂದೇ ಮಾತು ಇದು, ಹೇಳಿದ್ದೇನೆ.

ಆಮೇಲೆ ವರ್ಷಗಟ್ಟಲೆ ಅವಳು ಚಿಂತಾಮಣಿಯ ಬಸ್ಸಿಳಿದು ಹುಳುಮನೆಗೆ ಬಂದಳು, ಬಿಸಿ ಪುರಿಯ ಪೊಟ್ಟಣದೊಂದಿಗೆ. ಪೊಟ್ಟಣ ಮುನಿರತ್ನಮ್ಮನಿಗೆ. ನನಗೆ ಒಂದು ಹಿಡಿ ಕೇಳಿದರೆ ಸಿಗುತ್ತಿತ್ತು.

ಈ ನಡುವೆ ಪಿಯಾನೊ ಪ್ರತಿ ಬೇಸಿಗೆಯಲ್ಲೂ ಹದಗೆಡುತ್ತಿತ್ತು. ಬೆಂಗಳೂರಿನಿಂದ ಬರುತ್ತಿದ್ದ ಟ್ಯೂನರ್ ಒಳಗಿನ ಮರ ಮುಟ್ಟಿ, ತಲೆ ಕೆರೆದು, “ಮೇಡಂ, ಮಂಗಳೂರಲ್ಲೂ ಇಷ್ಟು ತೇವ ಕಾಣೆ. ಈ ಒಣ ಊರಲ್ಲಿ ಹೇಗೆ? ರಾತ್ರಿ ಇದಕ್ಕೆ ಸ್ನಾನ ಮಾಡಿಸ್ತೀರಾ?” ಎನ್ನುತ್ತಿದ್ದ. ನನ್ನ ಮೇಲ್ವಿಚಾರಣೆ ಸಾಲದೆಂದು ಅಧ್ಯಕ್ಷರಿಗೂ ಹೇಳಿದ. ಅಧ್ಯಕ್ಷರು ಸಭೆಯಲ್ಲಿ ಹತ್ತು ಜನರೆದುರು ಅದನ್ನು ನನಗೆ ಹೇಳಿದರು. ಬೆಳಿಗ್ಗೆ ನಾನು ಬರುವ ಹೊತ್ತಿಗೆ ಹುಳುಮನೆ ಗುಡಿಸಿ ಒರೆಸಿದಂತೆ ಒಣಗಿರುತ್ತಿತ್ತು.

ಅದೇ ಸಭೆಯಲ್ಲಿ ಅಧ್ಯಕ್ಷರು ತಮ್ಮ ಬಹುದಿನದ ಆಸೆ ಹೊರಗಿಟ್ಟರು. “ಇಷ್ಟು ವರ್ಷ ಆಯ್ತು, ಒಂದು ಮಗುವೂ ದೊಡ್ಡ ಕಾಲೇಜು ಸೇರಲಿಲ್ಲ. ಹುಳುಮನೇಲಿ ಮುನ್ನೂರು ಜನ ಊಟಕ್ಕೆ ಕೂರಬಹುದು. ಮದುವೆಗೆ ಕೊಡೋಣ. ಪಿಯಾನೋ ಮಾರೋಣ.” ಭಾರ್ಗವಿಯನ್ನು ಒಮ್ಮೆ ತಜ್ಞರಿಗೆ ಕೇಳಿಸಿಯಾದರೂ ನೋಡಬೇಕೆಂದು ನಾನು ಪಟ್ಟು ಹಿಡಿದೆ. ನಿರ್ಣಯವಾಯಿತು: ಆ ತಜ್ಞರು ಒಪ್ಪಿದರೆ ಹುಡುಗಿ ಕಾಲೇಜಿಗೆ, ಟ್ರಸ್ಟು ಮೊದಲಿನಂತೆ. ಒಪ್ಪದಿದ್ದರೆ ಹುಳುಮನೆ ಕಲ್ಯಾಣ ಮಂಟಪ. ಹೊರಗೆ ಕಾಯುತ್ತಿದ್ದ ಹುಡುಗಿಗೆ ವಿಷಯ ತಿಳಿಸಿದೆ.

“ಅಂದ್ರೆ ನಾನು ಕೆಟ್ರೆ ಎಲ್ಲಾರ್ದೂ ಕೆಡುತ್ತಾ ಮೇಡಂ?”

“ನೀನು ನುಡಿಸು. ಉಳಿದದ್ದು ಕಾರ್ಯದರ್ಶಿಯ ಕೆಲಸ.”

ತಜ್ಞರಾಗಿ ಒಪ್ಪಿದವರು ಬೆಂಗಳೂರಿನ ಡಿಸಿಲ್ವಾ ಮೇಡಂ, ಆಯುಷ್ಯವನ್ನೆಲ್ಲ ಪಿಯಾನೊ ಕಲಿಸುವುದರಲ್ಲೇ ಕಳೆದವರು. ಬಿಡುವು ಸಿಕ್ಕಿದ್ದು ಏಪ್ರಿಲ್ಲಿನಲ್ಲಿ. ಟ್ಯೂನರ್ ಹಿಂದಿನ ದಿನ ಬಂದು ಎಲ್ಲ ಸರಿ ಮಾಡಿ, “ಇವತ್ತು ಒಂದು ದಿನ ಇದನ್ನು ಯಾರೂ ಮುಟ್ಟಬೇಡಿ” ಎಂದು ನನ್ನನ್ನೇ ನೋಡುತ್ತಾ ಹೇಳಿ ಹೋದ.

ಮರುದಿನ ನಾನು ಎಂದಿಗಿಂತ ಬೇಗ ಹೋದೆ. ಅದರಿಂದಲೇ ವರ್ಷಗಳ ಒಗಟು ಒಡೆಯಿತು. ಪಿಯಾನೊದ ಸುತ್ತ ಹಗ್ಗ ಕಟ್ಟಿ, ನೀರು ತೊಟ್ಟಿಕ್ಕುವ ಗೋಣಿತಾಟುಗಳನ್ನು ಇಳಿಬಿಟ್ಟಿತ್ತು. ಮುನಿರತ್ನಮ್ಮ ಒಂದೊಂದನ್ನೇ ಹಿಂಡಿ ತೆಗೆದು, ನೆಲ ಒರೆಸುತ್ತಿದ್ದಳು.

“ಇದೇನೇ ಮುನಿರತ್ನಮ್ಮ?”

“ಯಾಕಮ್ಮಾ ಹಂಗೆ ಕೇಳ್ತೀಯ? ಬಿಸ್ಲು ಹೆಂಗೈತೆ ನೋಡು. ಒದ್ದೆ ತಾಟು ಕಟ್ದೆ ಇದ್ರೆ ಹುಳ ಒಂದಿನ ತಡಿಯಲ್ಲ.”

“ಇದು ಹುಳ ಅಲ್ಲ.”

“ನಂಗೊತ್ತಿಲ್ವಾ? ಹುಳ ನೋಡ್ಕೊಂಡಂಗೆ ನೋಡ್ಕೋ ಅಂತ ಅಧ್ಯಕ್ಷರು ಮೈಕ್‌ನಾಗೆ ಹೇಳಿದ್ರು. ಅವತ್ತಿಂದ ಒಂದು ಬೇಸ್ಗೇನೂ ತಪ್ಪಿಸಿಲ್ಲ ನಾನು. ಬೆಳಿಗ್ಗೆ ನೆಲ ಒಣಗ್ಸಿ ಬಿಡ್ತೀನಿ, ಇಲ್ದಿದ್ರೆ ರೋಗ ಬರುತ್ತೆ.”

ಮುನಿರತ್ನಮ್ಮನ ಮೇಲೆ ಕೋಪ ಮಾಡಿಕೊಳ್ಳಲು ನನಗೆ ಒಂದು ಕಾರಣವೂ ಸಿಗಲಿಲ್ಲ. ಆಕೆ ಅಧ್ಯಕ್ಷರ ಲಿಖಿತವಲ್ಲದ ಆದೇಶವನ್ನು ಅಕ್ಷರಶಃ ಪಾಲಿಸಿದ್ದಳು, ಅದೂ ಓವರ್‌ಟೈಂ ಇಲ್ಲದೆ. ಭಾರ್ಗವಿ ಬಂದು ನುಡಿಸಿ ನೋಡಿದಳು. ಶ್ರುತಿ ಹೇಗೋ ನಿಂತಿತ್ತು. ಆದರೆ ನಡುವಿನ ಮೂರು ಕೀಗಳು ಉಬ್ಬಿಕೊಂಡಿದ್ದವು. ಒತ್ತಿದರೆ ನುಡಿಯುತ್ತಿದ್ದವು, ಮೇಲೆ ಬರುತ್ತಿರಲಿಲ್ಲ.

“ಅಯ್ಯೋ ದೇವುಡಾ, ಇದು ಏಳ್ತಾನೇ ಇಲ್ಲ ಮೇಡಂ. ಎರಡನೇ ಸಲ ಹೆಂಗೆ ಒತ್ಲಿ?”

ಟ್ಯೂನರ್ ಫೋನ್ ತೆಗೆಯಲಿಲ್ಲ. ಡಿಸಿಲ್ವಾ ಮೇಡಂ ಅವರ ಕಾರು ಆಗಲೇ ಹೊರಟಿತ್ತು. ಇನ್ನೊಂದು ದಿನ ಕೊಡಿ ಎಂದು ಕೇಳಿದರೆ ಅಧ್ಯಕ್ಷರು ಏನು ಹೇಳುತ್ತಾರೆಂದು ನನಗೆ ಗೊತ್ತಿತ್ತು. ಬಾಣಸಿಗರೊಬ್ಬರಿಗೆ ಅಡುಗೆ ಮನೆಯ ಜಾಗ ತೋರಿಸುವುದನ್ನೂ ಅವರು ಅದೇ ದಿನಕ್ಕೆ ಇಟ್ಟುಕೊಂಡಿದ್ದರು.

ಮುನಿರತ್ನಮ್ಮ ಬಗ್ಗಿ ಉಬ್ಬಿದ ಕೀಯೊಂದರ ತುದಿಯನ್ನು ಉಗುರಿನಿಂದ ಮೀಟಿದಳು. ಅದು ಮೆತ್ತಗೆ ಮೇಲೆ ಬಂತು. ಹಣ್ಣಾದ ಹುಳುವನ್ನು ನೋಯಿಸದೆ ಎತ್ತಿ, ಗೂಡು ಕಟ್ಟಲೆಂದು ಬಿದಿರಿನ ಚಂದ್ರಿಕೆಗೆ ಬಿಟ್ಟ ಬೆರಳುಗಳು ಅವು.

“ನೀನು ಒತ್ತು ಮಗಾ, ನಾನು ಎತ್ತೀನಿ,” ಎಂದಳು.

ಭಾರ್ಗವಿ ನನ್ನ ಮುಖ ನೋಡಿದಳು. ನಾನು ನಿಯಮವನ್ನು ಮನಸ್ಸಿನಲ್ಲೇ ಒಂದು ಸಲ ಪೂರ್ತಿ ಓದಿಕೊಂಡೆ. ಕೇಳುವವರು ನೋಡಬಾರದೆಂದು ಅದರಲ್ಲಿದೆ. ಪಿಯಾನೊದ ಪಕ್ಕದಲ್ಲಿ ಯಾರೂ ನಿಲ್ಲಬಾರದೆಂದು ಇಲ್ಲ. ಸ್ವರ ಒತ್ತುವವಳು ಅಭ್ಯರ್ಥಿ. ಮುನಿರತ್ನಮ್ಮ ಎತ್ತುವುದು ಮರವನ್ನು. ಪೀಠೋಪಕರಣಗಳನ್ನು ಎತ್ತಿಡುವುದು ಅಟೆಂಡರಿನ ಕರ್ತವ್ಯಗಳ ವ್ಯಾಪ್ತಿಗೇ ಬರುತ್ತದೆ. ಒಪ್ಪಿಗೆ ಕೊಟ್ಟೆ. ಒಂದೇ ತೊಡಕು, ಮುನಿರತ್ನಮ್ಮನ ಎರಡೂ ಕೈ ತುಂಬ ಗಾಜಿನ ಬಳೆ.

“ಅವನ್ನು ಬಿಚ್ಚಿಡು.”

“ಬಳೆ ಬಿಚ್ಚೋದಾ? ನನ್ ಗಂಡ ಇನ್ನೂ ಗಟ್ಟಿಯಾಗವ್ನೆ ಕಣಮ್ಮಾ.”

ಕೊನೆಗೆ ನನ್ನ ಕರವಸ್ತ್ರವನ್ನೂ ಭಾರ್ಗವಿಯ ದುಪಟ್ಟಾವನ್ನೂ ಬಳೆಗಳ ಮೇಲೆ ಸುತ್ತಿ ಬಿಗಿದೆವು. ಆ ಬೆಳಗು ಉಳಿದ ಸಮಯವೆಲ್ಲ ಅವರಿಬ್ಬರೂ ಅಭ್ಯಾಸ ಮಾಡಿದರು. ಭಾರ್ಗವಿ ಆ ಕೀ ಒತ್ತುವ ಮುಂಚೆ ಸಣ್ಣಗೆ ತಲೆಯಾಡಿಸುವುದು, ಒತ್ತಿದ ಕೂಡಲೇ ಮುನಿರತ್ನಮ್ಮ ಮೀಟುವುದು. ಮೊದಮೊದಲು ಬೆರಳಿಗೆ ಬೆರಳು ತಾಗಿ ಇಬ್ಬರೂ ನಕ್ಕರು. ಆಮೇಲೆ ನಗಲಿಲ್ಲ.

ಡಿಸಿಲ್ವಾ ಮೇಡಂ ಬಿಳಿ ಕೂದಲಿನ, ನೇರ ಬೆನ್ನಿನ ಹೆಂಗಸು. ಗೋಡೆಗೆ ಹಾಕಿದ ಕುರ್ಚಿಯನ್ನು ನೋಡಿ, “ಬೆರಳು ನೋಡ್ದೆ ನಾನು ಹೇಗೆ ಹೇಳ್ಲಿ?” ಎಂದು ಕೇಳಿದರು. ಸಾಹೇಬರು ಬರೀ ಕೇಳಿಯೇ ಹೇಳುತ್ತಿದ್ದರು ಎಂದೆ. ಅವರು ಸ್ವಲ್ಪ ಯೋಚಿಸಿ, ಕನ್ನಡಕ ತೆಗೆದು ಪರ್ಸಿಗೆ ಹಾಕಿ ಕೂತರು. ಅಧ್ಯಕ್ಷರು ಪಕ್ಕದಲ್ಲಿ ಕೂತು ಗೋಡೆಯ ಉದ್ದವನ್ನು ಕಣ್ಣಲ್ಲೇ ಅಳೆಯುತ್ತಿದ್ದರು. ನಾನು ಪುಟ ತಿರುಗಿಸುವ ನೆಪದಲ್ಲಿ ಪಿಯಾನೊದ ಬಳಿ ನಿಂತೆ. ಮುನಿರತ್ನಮ್ಮ ಕಸಪೊರಕೆ ಪಕ್ಕಕ್ಕಿಟ್ಟು ಬಂದಳು.

ಸಂಗೀತವನ್ನು ವರ್ಣಿಸಲು ನನಗೆ ಬರುವುದಿಲ್ಲ. ಅದನ್ನು ಸಂದರ್ಶನದಲ್ಲೇ ಹೇಳಿದ್ದೇನೆ. ಆ ಮಗು ಅಂದು ಒಮ್ಮೆಯೂ ಕೆಳಗೆ ನೋಡಲಿಲ್ಲ. ತಾನು ಬಿಟ್ಟ ಸ್ವರವನ್ನು ಇನ್ನೊಂದು ಕೈ ಎತ್ತಿಯೇ ಎತ್ತುತ್ತದೆಂದು ನಂಬಿ, ನಿಧಾನದ ಭಾಗದಲ್ಲಿ ಕಣ್ಣು ಮುಚ್ಚಿಯೂ ನುಡಿಸಿದಳು. ಮುನಿರತ್ನಮ್ಮನ ಹಣೆಯಿಂದ ಬೆವರು ಇಳಿಯುತ್ತಿತ್ತು. ವೇಗದ ಭಾಗ ಬಂದಾಗ ಆಕೆಯ ಬೆರಳುಗಳು ಮೂರು ಕೀಗಳ ನಡುವೆ ಓಡಾಡಿದವು, ನನ್ನ ಕರವಸ್ತ್ರದ ಗಂಟು ಸಡಿಲಿತು, ಮತ್ತು ಆ ಮೇಲಿನ ಇಡೀ ಪುಟದಲ್ಲಿ ಹುಳುಮನೆಯ ದಪ್ಪ ಗೋಡೆಗಳ ನಡುವೆ ಗಾಜಿನ ಬಳೆಗಳು ಸ್ಪಷ್ಟವಾಗಿ, ತಾಳ ತಪ್ಪದೆ, ಕಿಣಿಕಿಣಿ ಎಂದವು.

ಡಿಸಿಲ್ವಾ ಮೇಡಂ ಅವರ ತಲೆ ಒಂದೆಳೆ ಓರೆಯಾಯಿತು. ಅವರು ತಿರುಗಲಿಲ್ಲ.

ಮುಗಿದ ಮೇಲೆ ಅವರು ಗೋಡೆಗೆ ಮುಖ ಮಾಡಿಕೊಂಡೇ ಹೇಳಿದರು: “ಈ ಹುಡುಗೀನ ಕಾಲೇಜಿಗೆ ಕಳಿಸಿ. ಈ ವರ್ಷವೇ.”

ಅಧ್ಯಕ್ಷರು ಕೂಡಲೇ ಎದ್ದು, ಇದನ್ನು ತಾವು ಮೊದಲ ದಿನವೇ ಹೇಳಿದ್ದುದಾಗಿ ತಿಳಿಸಿ, ಬಾಗಿಲಲ್ಲಿ ಕಾಯುತ್ತಿದ್ದ ಬಾಣಸಿಗರನ್ನು ಸನ್ಮಾನದ ಊಟದವರೆಂದು ಎಲ್ಲರಿಗೂ ಪರಿಚಯಿಸಿದರು. ಆ ಹೊತ್ತಿನಲ್ಲಿ ಮಾಡಿದ ವಂದನಾರ್ಪಣೆಯಲ್ಲಿ ಪುರಿ ಭಟ್ಟಿಯವರಿಗೆ, ಟ್ಯೂನರನಿಗೆ, ಡ್ರೈವರನಿಗೆ ವಂದನೆ ಸಂದಿತು. ಕೊನೆಯಲ್ಲಿ, “ಕ್ಲರ್ಕಮ್ಮ, ಎಲ್ಲಾರ್ಗೂ ಕಾಫಿ ಹೇಳಿ” ಎಂದರು.

ಕಾರಿನ ಬಳಿ ಡಿಸಿಲ್ವಾ ಮೇಡಂ ನನ್ನ ಕೈ ಹಿಡಿದು ನಿಂತರು.

“ಕಾರ್ಯದರ್ಶಿಯವರೇ, ಆ ಸಂಗೀತ ಬರೆದವರು ಅದರಲ್ಲಿ ಬಳೆ ಬರೆದಿಲ್ಲ.”

ನಾನು ಏನೋ ಹೇಳಲು ಬಾಯಿ ತೆರೆದೆ.

“ಹೇಳಬೇಡಿ. ಎಷ್ಟೋ ಚೆನ್ನಾಗಿರೋ ಪಿಯಾನೋದಲ್ಲಿ ಎಷ್ಟೋ ಕೆಟ್ಟದಾಗಿ ನುಡಿಸೋರನ್ನ ಕೇಳಿದ್ದೀನಿ. ನಾನು ಕೇಳಿದ್ದು ಆ ಮಗೂನ. ಮಿಕ್ಕಿದ್ದು ನೋಡೋಕೆ ನಿಮ್ಮ ಸಾಹೇಬರು ನನಗೆ ಅವಕಾಶ ಕೊಟ್ಟಿಲ್ಲ.” ಅವರು ಕನ್ನಡಕ ಹಾಕಿಕೊಂಡು ಹೊರಟರು. ನನ್ನ ಸೇವೆಯಲ್ಲಿ ನನ್ನನ್ನು ಹುದ್ದೆಯ ಹೆಸರಿನಿಂದ ಕರೆದ ಹೊರಗಿನವರು ಅವರೊಬ್ಬರೇ.

ಭಾರ್ಗವಿ ಕಾಲೇಜು ಮುಗಿಸಿ ಈಗ ಪ್ರತಿ ಶನಿವಾರ ಹುಳುಮನೆಗೆ ಬಂದು ನಾಲ್ಕೂ ಊರಿನ ಮಕ್ಕಳಿಗೆ ಕಲಿಸುತ್ತಾಳೆ. ಹೊಸಬರಿಗೆ ಬೇಕಾದ ಸೂಚನೆಗಳು ಇಷ್ಟೇ: ಗುಂಡಿಯ ಮೇಲಿನ ಟೇಪ್ ತೆಗೆಯಬೇಡಿ, ಕಾರಿನ ಮುಂದಿನ ಸೀಟಿಗೆ ಆಸೆಪಡಬೇಡಿ, ಗೋಣಿತಾಟುಗಳನ್ನು ಬೀರುವಿನಲ್ಲಿಟ್ಟು ಬೀಗದ ಕೈಯನ್ನು ನಿಮ್ಮ ಬಳಿಯೇ ಇಟ್ಟುಕೊಳ್ಳಿ.

ಕಳೆದ ಬೇಸಿಗೆಯಲ್ಲಿ, ಹುಳುಮನೆಯಲ್ಲಿ ಕಾಲೇಜಿನ ಆಯ್ಕೆ ಇದೆ, ಕೇಳಲು ಬನ್ನಿ ಎಂದು ಭಾರ್ಗವಿ ಕರೆದಳು. ಆಮಂತ್ರಣ ಪತ್ರಿಕೆಯಲ್ಲಿ ನನ್ನ ಹೆಸರಿನ ಮುಂದೆ ‘ಮಾಜಿ ಕ್ಲರ್ಕ್’ ಎಂದಿತ್ತು. ಅದಕ್ಕೆ ತಿದ್ದುಪಡಿ ಕಳಿಸಿದ್ದೇನೆ. ಹೋಗಿ ಗೋಡೆಗೆ ಮುಖ ಮಾಡಿ ಕೂತೆ. ಬಿಸಿಲು ಜೋರಾಗಿತ್ತು. ಬೆನ್ನ ಹಿಂದೆ ಯಾವುದೋ ಮಗು ನುಡಿಸತೊಡಗಿತು, ಚೆನ್ನಾಗಿಯೇ ನುಡಿಸಿತು. ಒದ್ದೆ ಗೋಣಿಯ ವಾಸನೆ ಸಣ್ಣಗೆ ಮೂಗಿಗೆ ಬಂತು. ಅದರ ಹಿಂದೆಯೇ, ವೇಗದ ಭಾಗದಲ್ಲಿ, ಗಾಜಿನ ಬಳೆಗಳ ಸದ್ದು.

ನಾನು ತಿರುಗಿ ನೋಡಲಿಲ್ಲ. ನಿಯಮ ನಿಯಮವೇ.